ಎಡಗಿವಿಯ ಚಂಡೆ

ಅಂಗಡಿಯ ಶಟರ್ ಎತ್ತಿ, ಗಣಪತಿಯ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ, ಯಾರೊಂದಿಗೂ ಮಾತಿಗೆ ತೊಡಗುವ ಮೊದಲು ದೀಪಶ್ರೀ ಒಂದು ಕೆಲಸ ಮಾಡುತ್ತಿದ್ದಳು. ವೇಲಿನ ತುದಿಯಿಂದ ಎರಡೂ ಕಿವಿ ಒರೆಸಿಕೊಂಡು, ಕುಂಕುಮದ ಹಳೆಯ ಡಬ್ಬಿಯಲ್ಲಿ ಸುತ್ತಿಟ್ಟಿದ್ದ ಕಪ್ಪು ಇಯರ್‌ಫೋನನ್ನು ತೆಗೆದು ಕಿವಿಗಿಟ್ಟು, ಕಣ್ಣು ಮುಚ್ಚಿ ತಾಳಮದ್ದಲೆಯ ಒಂದು ತುಣುಕು ಕೇಳುತ್ತಿದ್ದಳು. ಜ್ವರ ಬಂದ ದಿನವೂ ಇದನ್ನು ಬಿಟ್ಟವಳಲ್ಲ. ಪಕ್ಕದ ಹೋಟೆಲಿನವರು ಚಹಾ ತಂದಿಟ್ಟು ಕರೆದರೆ, ಕಣ್ಣು ತೆರೆಯದೆ ಕೈಯಲ್ಲೇ ತಡೆಯುತ್ತಿದ್ದಳು.

ಆ ತಾಳಮದ್ದಲೆ ಅಂಗಡಿಯ ಮಾಲೀಕ ಕೃಷ್ಣಪ್ರಸಾದನ ಊರಿನದು. ವೇಷವಿಲ್ಲದೆ ಜಮಖಾನೆಯ ಮೇಲೆ ಕೂತು ಆಡಿದ ಆ ಪ್ರಸಂಗವನ್ನು ಅವನು ಎರಡು ಮೈಕು ಇಟ್ಟು ರೆಕಾರ್ಡ್ ಮಾಡಿಸಿದ್ದ. ಹಾಗಾಗಿ ಚಂಡೆ ಎಡಗಿವಿಗೆ, ಮದ್ದಲೆ ಬಲಗಿವಿಗೆ, ಭಾಗವತರ ಪದ ಎರಡರ ನಡುವೆ, ನೆತ್ತಿಯ ಒಳಗೆಲ್ಲೋ. ಒಳ್ಳೆಯ ಇಯರ್‌ಫೋನ್ ಆದರೆ ಮೂರೂ ತಮ್ಮ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ಕಳಪೆಯದಾದರೆ ಭಾಗವತರು ಒಂದು ಪಕ್ಕಕ್ಕೆ ವಾಲುತ್ತಾರೆ, ಇಲ್ಲವೇ ಮದ್ದಲೆ ಊದಿಕೊಂಡು ಪದವನ್ನೇ ನುಂಗುತ್ತದೆ. ಮೊದಲು ಹಳೆಯದರಲ್ಲಿ ಕೇಳಿ ಕಿವಿಯನ್ನು ಹದಕ್ಕೆ ತಂದುಕೊಂಡರೆ ಆಮೇಲೆ ಹೊಸದರ ಗುಣ ತಾನಾಗಿ ತಿಳಿಯುತ್ತದೆ ಎಂದು ಅವಳಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ. ಮಾಡುತ್ತಾ ಮಾಡುತ್ತಾ ಗೊತ್ತಾಗಿತ್ತು.

ಸಾಗರದ ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆ ಹೊರಟರೆ ಸಿಗುವ ಆ ಮೊಬೈಲ್ ಅಂಗಡಿಯಲ್ಲಿ ವೈರ್ ಇಲ್ಲದ ದುಬಾರಿ ಮಾಲೂ ಇತ್ತು. ಆದರೆ ಹೆಚ್ಚು ಹೋಗುತ್ತಿದ್ದುದು ವೈರಿನ ಅಗ್ಗದ ಇಯರ್‌ಫೋನುಗಳೇ. ಜೋಗದ ಪವರ್‌ಹೌಸಿನವರು, ಕಾಲೇಜಿನ ಮಕ್ಕಳು, ಅಡಿಕೆ ಸುಲಿಯುತ್ತ ಧಾರಾವಾಹಿ ಕೇಳುವ ಹೆಂಗಸರು, ಎಲ್ಲರೂ ಅದನ್ನೇ ಕೇಳುತ್ತಿದ್ದರು. ಅದಕ್ಕೆ ಚಾರ್ಜಿನ ಗೊಡವೆಯಿಲ್ಲ, ಕಿವಿಯಿಂದ ಜಾರಿದರೂ ಕೊರಳಲ್ಲೇ ನೇತಾಡುತ್ತದೆ. ಅಗ್ಗದ್ದು ಅಂದಮಾತ್ರಕ್ಕೆ ಏನಾದರೂ ಕೊಟ್ಟು ಕಳಿಸುವುದು ದೀಪಶ್ರೀಗೆ ಆಗದ ಮಾತು. ವೈರನ್ನು ಬೆರಳಿಗೆ ಸುತ್ತಿ ಬಿಡುತ್ತಿದ್ದಳು. ಒಳ್ಳೆಯ ವೈರು ತಾನಾಗಿ ಬಿಚ್ಚಿಕೊಳ್ಳುತ್ತದೆ, ಕೆಟ್ಟದ್ದು ಹಾಗೇ ಮುದುರಿ ಕೂರುತ್ತದೆ. ಪಿನ್ನಿನ ಬುಡವನ್ನು ಮೆಲ್ಲಗೆ ಬಗ್ಗಿಸಿ, ಫೋನಿಗೆ ಸಿಕ್ಕಿಸಿ, ಒಂದು ಸುತ್ತು ತಿರುಗಿಸುತ್ತಿದ್ದಳು; ಕರಕರ ಅಂದರೆ ಅದು ಬದಿಗೆ. ಕಿವಿಗಿಡುವ ಗುಂಡಿನ ಎರಡು ಹೋಳು ಅಂಟಿಸಿದ ಕಡೆ ಉಗುರಾಡಿಸುತ್ತಿದ್ದಳು. ಕೊನೆಗೆ ತಾಳಮದ್ದಲೆ. ಇಷ್ಟೆಲ್ಲ ಆದ ಮೇಲೆ “ಪಾಸ್” ಅನ್ನುತ್ತಿದ್ದಳು. “ದೀಪಕ್ಕ ಪಾಸ್ ಮಾಡಿದ್ದೇ ಕೊಡಿ” ಎಂದು ಕೇಳಿ ಒಯ್ಯುವವರಿದ್ದರು.

ಮಳೆಗಾಲ ಹಿಡಿದ ಹೊಸತರಲ್ಲಿ ಒಂದು ಬೆಳಿಗ್ಗೆ ಚಂಡೆ ಮಂದವಾಯಿತು.

ಯಾರೋ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ ಹಾಗಿತ್ತು. ಮದ್ದಲೆ ಎಂದಿನಂತೆ ಸ್ಪಷ್ಟ. ಭಾಗವತರು ಮಾತ್ರ ಬಲಕ್ಕೆ ಸರಿದು ನಿಂತಿದ್ದರು. ದೀಪಶ್ರೀ ಹಳೆಯ ಇಯರ್‌ಫೋನಿನ ಜಾಲರಿಯನ್ನು ಬ್ರಷ್‌ನಿಂದ ಉಜ್ಜಿದಳು, ಊದಿದಳು. ಹಾಗೇ ಇತ್ತು. ‘ಪಾಪ, ಇದಕ್ಕೂ ವಯಸ್ಸಾಯಿತು’ ಎಂದುಕೊಂಡು, ಹಿಂದಿನ ದಿನವಷ್ಟೇ ಶಿವಮೊಗ್ಗದಿಂದ ಬಂದಿದ್ದ ಹೊಸ ಪೆಟ್ಟಿಗೆ ಬಿಚ್ಚಿದಳು. ಅದರಲ್ಲಿ ಮೊದಲು ಕೈಗೆ ಬಂದದ್ದೂ ಎಡಗಡೆ ಮಂದ. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಎಲ್ಲವೂ ಎಡಗಡೆ ಮಂದ.

“ಪ್ರಸಾದಣ್ಣ, ಇಡೀ ಲಾಟಿಗೇ ಥಂಡಿ ಹಿಡಿದದೆ,” ಎಂದಳು.

ಕೃಷ್ಣಪ್ರಸಾದ ಬಿಲ್ಲಿನ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಈ ಮಳೇಲಿ ಮನುಷ್ಯರಿಗೇ ಬೂಸ್ಟು ಹಿಡಿತದೆ. ಒಣಗಿಸಿ ನೋಡು ಮಾರಾಯ್ತಿ.”

ಬೆಂಕಿಪೊಟ್ಟಣ, ಉಪ್ಪು, ಮಕ್ಕಳ ಶೂ, ಯಾವುದಕ್ಕೆ ಥಂಡಿ ಹಿಡಿದರೂ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ಈ ಕಡೆಯ ರೂಢಿ. ದೀಪಶ್ರೀ ಇಯರ್‌ಫೋನುಗಳನ್ನೂ ಹಾಗೇ ಮಾಡಿದಳು. ಮನೆಗೆ ಒಯ್ದು, ಮೊರದಂಥ ಗೆರಸಿಯಲ್ಲಿ ಹರಡಿ, ಅಟ್ಟಕ್ಕೇರಿಸಿದಳು. ಅವಳ ತಾಯಿ ಪುಷ್ಪಮ್ಮ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪುಷ್ಪಮ್ಮನಿಗೆ ಎರಡೂ ಕಿವಿ ಕೇಳುವುದಿಲ್ಲ. ಅವಳು ಮಗಳು-ಅಳಿಯನ ಜೊತೆ ಸಾಗರಕ್ಕೆ ಬಂದು ನೆಲೆಸಿ ವರ್ಷಗಳಾದವು.

“ಎಂಥದೇ ಅದು? ಶ್ಯಾವಿಗೆನಾ?”

“ಇಯರ್‌ಫೋನ್ ಅಮ್ಮ!” ದೀಪಶ್ರೀ ಕಿವಿಗೆ ಕೈ ಇಟ್ಟು ತೋರಿಸಿದಳು.

“ಹೌದನಾ? ಚೆನ್ನಾಗಿ ಬೇಯ್ಸು. ನಂಗಂತೂ ಹಸಿದೂ ಕೇಳಲ್ಲ, ಬೆಂದಿದ್ದೂ ಕೇಳಲ್ಲ,” ಎಂದು ಪುಷ್ಪಮ್ಮ ತನ್ನ ಮಾತಿಗೆ ತಾನೇ ನಕ್ಕಳು.

ಮರುದಿನ ಅಂಗಡಿಯ ಇನ್ನೊಬ್ಬ ಹುಡುಗಿ ರಂಜನಾ ಪೆಟ್ಟಿಗೆ ಬಿಚ್ಚಿದವಳೇ ಮೂಗು ಮುಚ್ಚಿಕೊಂಡಳು. “ದೀಪಕ್ಕಾ! ಕಿವಿಗೆ ಹಾಕ್ಕೊಳ್ಳೋದು ಮಾರ್ತಿದೀರೋ, ಸುಟ್ಟ ಹಲಸಿನ ಹಪ್ಪಳ ಮಾರ್ತಿದೀರೋ?” ಹೊಗೆಯ ವಾಸನೆ ವೈರಿಗೆಲ್ಲ ಹತ್ತಿತ್ತು. ಕೆಲವದರ ರಬ್ಬರು ಸೊಟ್ಟಗಾಗಿತ್ತು. ಎಡಗಡೆ ಮಾತ್ರ ಹಾಗೇ ಮಂದವಾಗಿತ್ತು. ದೀಪಶ್ರೀ ವಾಪಸ್ ಕಳಿಸಲು ಹೇಳಿದಳು. ಕೃಷ್ಣಪ್ರಸಾದ ಅವಳ ಮಾತನ್ನು ಎಂದೂ ಪ್ರಶ್ನಿಸಿದವನಲ್ಲ, ಕಳಿಸಿದ. ಬದಲಿ ಬಂತು. ಅದೂ ಮಂದ.

ಎರಡನೆಯ ಪೆಟ್ಟಿಗೆಯನ್ನೂ ವಾಪಸಿಗೆಂದು ಕಟ್ಟಿಡುತ್ತಿದ್ದಾಗ ಸುಬ್ಬಯ್ಯ ಬಂದರು. ಜೋಗದ ರಸ್ತೆಯ ಕಡೆಯ ಹಿರಿಯರು, ದಿನವೂ ಪಾರಾಯಣ ಕೇಳುವವರು. ಮನೆಯಲ್ಲಿ ಸೊಸೆಗೆ ಗದ್ದಲವಾಗುತ್ತದೆಂದು ಇಯರ್‌ಫೋನ್ ರೂಢಿ ಮಾಡಿಕೊಂಡಿದ್ದರು.

“ಅದೇ ಕೊಡು. ಕಟ್ತಾ ಇದ್ಯಲ್ಲ, ಅದು.”

“ಬ್ಯಾಡ ಸುಬ್ಬಯ್ಯನೋರೆ, ಇದು ಎಡಗಡೆ ಮಂದ. ಒಳ್ಳೇದು ಬಂದ ಮೇಲೆ ಕೊಡ್ತೀನಿ.”

“ಎಲ್ಲಿ, ನೋಡ್ವ.” ಅವರು ಒಂದನ್ನು ತೆಗೆದು ಕಿವಿಗಿಟ್ಟುಕೊಂಡರು. ದೀಪಶ್ರೀ ತಾಳಮದ್ದಲೆ ಹಾಕಿದಳು. ಸುಬ್ಬಯ್ಯ ಮುಖ ಅರಳಿಸಿ, ಎಡಗೈಯಲ್ಲಿ ಕೌಂಟರಿನ ಗಾಜಿನ ಮೇಲೆ ಚಂಡೆಯ ಪೆಟ್ಟುಗಳನ್ನು ಒಂದೂ ತಪ್ಪದೆ ಬಡಿಯತೊಡಗಿದರು. “ಎಂಥ ಮಂದ ಮಾರಾಯ್ತಿ! ಎರಡೂ ಬದಿ ಸಮ ಕೇಳ್ತು. ಎಪ್ಪತ್ತು ದಾಟಿದ ಕಿವಿಗೆ ಕೇಳಿದ್ದು ನಿಂಗೆ ಕೇಳದಿಲ್ಯಾ? ಹೋಗಿ ಕಿವಿ ತೋರ್ಸು!” ಎಂದು ಗಟ್ಟಿಯಾಗಿ ನಕ್ಕು, ಅದನ್ನೇ ಕಟ್ಟಿಸಿಕೊಂಡು ಹೋದರು.

ರಂಜನಾ ಕೂಡ ನಕ್ಕಳು. ದೀಪಶ್ರೀಯೂ ನಗಬೇಕೆಂದು ಬಾಯಿ ತೆರೆದಳು. ನಗು ಬರಲಿಲ್ಲ; ಪೆಟ್ಟಿಗೆಗೆ ಟೇಪು ಸುತ್ತತೊಡಗಿದಳು.

ಅವಳು ಹುಡುಗಿಯಾಗಿದ್ದಾಗ, ತವರೂರು ಅರಳಸುರಳಿಯ ಮನೆಯಲ್ಲಿ ಒಂದು ರೇಡಿಯೋ ಇತ್ತು. ತಮ್ಮ ಹುಟ್ಟಿದ ಮೇಲೆ ಪುಷ್ಪಮ್ಮ ಆ ರೇಡಿಯೋವನ್ನು ಬೈಯಲು ಶುರುಮಾಡಿದ್ದಳು. ದನಿ ಸಣ್ಣಗಾಗಿದೆ, ಸೆಲ್ಲು ಹಾಳು, ಅಂಗಡಿಯವನು ಮೋಸ ಮಾಡಿದ. ರಿಪೇರಿಗೆ ಒಯ್ದರು, ತಂದರು, ಮತ್ತೆ ಒಯ್ದರು. ಆ ರೇಡಿಯೋ ಸರಿಯಾಗಿಯೇ ಇತ್ತು. ಮೊದಲು ಹೋದದ್ದು ಅಮ್ಮನ ಎಡಗಿವಿ, ಆಮೇಲೆ ನಿಧಾನವಾಗಿ ಬಲಗಿವಿ. ಕಿವಿಯ ಮಷಿನ್ ಕೊಡಿಸಿದರೆ ಅದು ಸೀಟಿ ಹೊಡೆಯುತ್ತದೆಂದು ಪುಷ್ಪಮ್ಮ ಪೆಟ್ಟಿಗೆಯಲ್ಲಿಟ್ಟಳು.

ಕೇಳದಿರುವುದಕ್ಕಿಂತ ಅದರ ಸುತ್ತ ಬೆಳೆದದ್ದನ್ನು ನೆನೆದರೆ ದೀಪಶ್ರೀಗೆ ಭಯವಾಗುತ್ತಿತ್ತು. ಅಮ್ಮನಿಗೆ ಜ್ವರ ಬಂದರೆ ಡಾಕ್ಟರು ಅಮ್ಮನ ಮುಖ ನೋಡುತ್ತಿರಲಿಲ್ಲ, ಮಗಳನ್ನು ನೋಡಿ ಮಾತಾಡುತ್ತಿದ್ದರು. ನೆಂಟರು ಅವಳ ಎದುರಿಗೇ “ಇವಳಿಗೆ ಹೇಳೋದು ಬ್ಯಾಡ” ಅನ್ನುತ್ತಿದ್ದರು. ಪುಷ್ಪಮ್ಮ ಬಾಯಿಂದ ಬಾಯಿಗೆ ಕಣ್ಣು ಹಾಯಿಸುತ್ತ ಕೂತಿರುತ್ತಿದ್ದಳು. ಎಲ್ಲ ಮುಗಿದ ಮೇಲೆ “ಏನಂತೆ?” ಎಂದು ಕೇಳಿದರೆ, ದೀಪಶ್ರೀಯೇ “ಏನಿಲ್ವಂತೆ ಅಮ್ಮ” ಎಂದು ಅಷ್ಟೂ ಮಾತನ್ನು ಒಂದು ಮಾತಿಗೆ ಇಳಿಸಿ ಮುಗಿಸುತ್ತಿದ್ದಳು.

ತಿಳಿಯುವ ದಾರಿ ಸುಲಭವಾಗಿತ್ತು. ಅವಳೇ ಎಷ್ಟೋ ಗಿರಾಕಿಗಳಿಗೆ ಹೇಳಿಕೊಟ್ಟಿದ್ದಳು. ಒಂದು ಕಡೆ ಕೇಳುತ್ತಿಲ್ಲ ಎಂದು ತಂದವರಿಗೆ, “ಅದಲುಬದಲು ಹಾಕಿ ನೋಡಿ. ಎಡಗಡೆದು ಬಲಕ್ಕೆ, ಬಲಗಡೆದು ಎಡಕ್ಕೆ. ಮಂದ ಆಗಿದ್ದು ಇನ್ನೊಂದು ಕಡೆಗೆ ಹೋದ್ರೆ ಇಯರ್‌ಫೋನಿಂದು ತಪ್ಪು. ಅಲ್ಲೇ ಉಳಿದ್ರೆ ಕಿವೀದು. ಗುಗ್ಗೆ ಇರಬೇಕು, ತೆಗಿಸ್ಕಳಿ,” ಅನ್ನುತ್ತಿದ್ದಳು. ತನ್ನ ಕಿವಿಯಲ್ಲಿ ಮಾತ್ರ ಎಡದ ಗುರುತಿನದು ಎಡಕ್ಕೇ, ಬಲದ್ದು ಬಲಕ್ಕೇ. ಅದರಲ್ಲಿ ಒಂದು ಮಡಿ ಇಟ್ಟುಕೊಂಡಿದ್ದಳು. ಚಂಡೆ ಕೂರುವ ಜಾಗದಲ್ಲಿ ಮದ್ದಲೆ ಕೂತರೆ ಕಿವಿಯ ಲೆಕ್ಕ ತಪ್ಪುತ್ತದೆಂದು ನಂಬಿದ್ದಳು. ಹಾಗಾಗಿ ಈ ತನಕ ತಪ್ಪು ಯಾರದೆಂದು ಅವಳಿಗೆ ತಿಳಿಯದೇ ಹೋಗಿತ್ತು.

ಈಗ ತಿಳಿಯಬಹುದಿತ್ತು, ಕೈ ಬರಲಿಲ್ಲ.

ಅದೇ ಮಧ್ಯಾಹ್ನ ಮಾಡುತ್ತೇನೆಂದುಕೊಂಡಳು. ಮಾಡಲಿಲ್ಲ. ಮರುದಿನ ಗುಗ್ಗೆಯೇ ಇರಬಹುದೆಂದು ಸಮಾಧಾನ ತಂದುಕೊಂಡು, ಔಷಧಿ ಅಂಗಡಿಯಿಂದ ತೊಟ್ಟು ಹಾಕುವ ಬಾಟಲಿ ತಂದಳು. ತೊಟ್ಟು ಹಾಕಿ ಮಲಗಿ ಎದ್ದಳು. ಬೆಳಿಗ್ಗೆ ಎಡಗಿವಿಯ ಪಕ್ಕ ಬೆರಳಿನಲ್ಲಿ ಕೂದಲು ಉಜ್ಜಿದಳು. ಸಪ್ಪಳ ದೂರದಿಂದ ಬಂದಂತಿತ್ತು. ಬಲಕ್ಕೆ ಉಜ್ಜಿದಳು, ಒಣ ಹುಲ್ಲು ತುಳಿದಂತೆ ಗರಗರ ಕೇಳಿತು. ಮತ್ತೆ ಎಡಕ್ಕೆ. ಗಂಡ ಶಿವಮೂರ್ತಿ ಗೂಡ್ಸ್ ಆಟೋದ ಕೀಲಿ ಹುಡುಕುತ್ತ ಅವಳ ಎಡಗಡೆ ನಿಂತು ಏನೋ ಕೇಳಿದ. ಅವಳು ಸುಮ್ಮನೆ ಹೂಂ ಎಂದಳು. “ಕೀಲಿ ಎಲ್ಲಿ ಅಂದ್ರೆ ಹೂಂ ಅಂತೀಯಲ್ಲೇ!” ಎಂದು ಅವನು ಬೈದಾಗ ಅವಳ ಕಣ್ಣು ತುಂಬಿತು. ಯಾವಾಗಿನಿಂದ ಹೀಗೆ ಹೂಂ ಅನ್ನುತ್ತಿದ್ದೇನೆ? ಫೋನನ್ನು ಬಲಗಿವಿಗೇ ಹಿಡಿಯಲು ಶುರುಮಾಡಿ ಎಷ್ಟು ಕಾಲವಾಯಿತು? ನೆನಪಾಗಲಿಲ್ಲ. ನೆನಪಾಗದ್ದೇ ಹೆದರಿಕೆ ಹೆಚ್ಚಿಸಿತು.

ಸಂಜೆ ದೇವರ ಮುಂದೆ ದೀಪ ಹಚ್ಚಿ ಕೂತಾಗ, ಏನು ಬೇಡಬೇಕೆಂದು ಗೊತ್ತಾಗಲಿಲ್ಲ. ಇಯರ್‌ಫೋನುಗಳೇ ಹಾಳಾಗಿರಲಿ ಎಂದು ಬೇಡುವುದೇ? ಯಾರದೋ ಮಾಲು ಕೆಟ್ಟಿರಲಿ ಎಂದು ದೇವರಲ್ಲಿ ಕೇಳಲು ಬಾಯಿ ಬರಲಿಲ್ಲ. ‘ಇದ್ದದ್ದನ್ನು ಇದ್ದ ಹಾಗೆ ತಿಳಿದುಕೊಳ್ಳುವ ಧೈರ್ಯ ಕೊಡು’ ಎಂದಷ್ಟೇ ಕೇಳಿ ಎದ್ದಳು.

ಮರುದಿನ ಮಧ್ಯಾಹ್ನ ರಂಜನಾ ಊಟಕ್ಕೆ ಹೋಗಿದ್ದಳು, ಕೃಷ್ಣಪ್ರಸಾದ ಬ್ಯಾಂಕಿಗೆ ಹೋಗಿದ್ದ. ದೀಪಶ್ರೀ ವಾಪಸಿಗೆಂದು ಕಟ್ಟಿಟ್ಟಿದ್ದ ಪೆಟ್ಟಿಗೆಯ ಟೇಪು ಬಿಚ್ಚಿ ಒಂದನ್ನು ತೆಗೆದಳು. ವೈರನ್ನು ಬೆರಳಿಗೆ ಸುತ್ತಿ ಬಿಟ್ಟಳು. ಅದು ಚೆನ್ನಾಗಿ ಬಿಚ್ಚಿಕೊಂಡಿತು. ಪಿನ್ನು ತಿರುಗಿಸಿದಳು, ಕರಕರ ಇಲ್ಲ. ಗುಂಡುಗಳ ಅಂಟು ನಯವಾಗಿತ್ತು. ಎಷ್ಟು ಒಳ್ಳೆಯ ಮಾಲು ಎಂದು ಬೆರಳುಗಳಿಗೆ ಆಗಲೇ ತಿಳಿದಿತ್ತು. ಗುಂಡು ಕಿವಿಯಲ್ಲಿ ನಿಲ್ಲದೆ ಎರಡು ಸಲ ಜಾರಿತು. ಎಡದ್ದು ಬಲಗಿವಿಗೆ. ಬಲದ್ದು ಎಡಗಿವಿಗೆ.

ಚಂಡೆ ಬಲಗಿವಿಯಲ್ಲಿ ಸಿಡಿಯಿತು. ಕೋಲಿನ ತುದಿ ಚರ್ಮಕ್ಕೆ ತಾಗುವುದು ಕಾಣುವಷ್ಟು ಹತ್ತಿರ. ಎಡಗಿವಿಯಲ್ಲಿ, ಒದ್ದೆ ಗೋಣಿಯ ಅಡಿಯಿಂದ, ಮದ್ದಲೆ.

ಅವಳು ಅದನ್ನು ಪೂರ್ತಿ ಕೇಳಿದಳು. ತುಣುಕು ಮುಗಿದ ಮೇಲೂ ತೆಗೆಯಲಿಲ್ಲ. ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ಯಾವ ಕಡೆಯಿಂದ ಬಂತೆಂದು ಗೊತ್ತಾಗದೆ ಅವಳು ಎರಡೂ ಕಡೆ ತಿರುಗಿ ನೋಡಿದಳು.

ಕೃಷ್ಣಪ್ರಸಾದ ಬಂದಾಗ ಆ ಪೆಟ್ಟಿಗೆ ಟೇಪು ಬಿಚ್ಚಿದ ಹಾಗೇ ಕೌಂಟರಿನ ಮೇಲಿತ್ತು.

“ಇದನ್ನ ಕಳಿಸ್ಬೇಡಿ ಪ್ರಸಾದಣ್ಣ. ಮಾಲು ಚೆನ್ನಾಗದೆ. ಹಿಂದಿನದೂ ಚೆನ್ನಾಗೇ ಇತ್ತು. ಶಿವಮೊಗ್ಗಕ್ಕೆ ಫೋನ್ ಮಾಡಿ ಹೇಳಿಬಿಡಿ, ತಪ್ಪು ನಮ್ಮದು ಅಂತ.”

“ಎಂಥ ತಪ್ಪು?”

“ನನ್ನ ಎಡಗಿವಿ ಕೇಳ್ತಿಲ್ಲ.”

ಅವನು ಕೈಯಲ್ಲಿದ್ದ ಬ್ಯಾಂಕಿನ ಚೀಲವನ್ನು ಕೆಳಗಿಟ್ಟ. ಸಿಟ್ಟು ಬರಲಿಲ್ಲ, ಬಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆಮೇಲೆ ಬಗ್ಗಿ, ಅವಳ ಮುಖದ ಹತ್ತಿರ ಬಂದು, ಒಂದೊಂದೇ ಮಾತನ್ನು ಬಿಡಿಸಿ ಗಟ್ಟಿಯಾಗಿ ಹೇಳಿದ: “ಮೊದ್ಲು ಡಾಕ್ಟ್ರಿಗೆ ತೋರ್ಸು! ಅಂಗಡಿ ಚಿಂತೆ ಬ್ಯಾಡ! ಗೊತ್ತಾತಾ?”

ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಆದರೆ ಬೆಳಿಗ್ಗೆಯವರೆಗೆ ಅವಳ ಜೊತೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ ಮನುಷ್ಯ ಈಗಲೇ ಕೂಗತೊಡಗಿದ್ದ. ಊಟ ಮುಗಿಸಿ ಬಂದ ರಂಜನಾ ಬಾಗಿಲಲ್ಲೇ ನಿಂತು, “ಏನಾತು?” ಎಂದು ಕೇಳಿದ್ದು ಅವಳನ್ನಲ್ಲ, ಕೃಷ್ಣಪ್ರಸಾದನನ್ನು.

ಸಾಗರದಲ್ಲೇ ತೋರಿಸಬಹುದಿತ್ತು. ಆದರೆ ಸಾಗರದಲ್ಲಿ ಯಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೂ “ಅರೆ, ಮೊಬೈಲ್ ಅಂಗಡಿ ದೀಪಕ್ಕ ಅಲ್ವಾ?” ಎನ್ನುವವರು ಸಿಗುತ್ತಿದ್ದರು. ತೀರ್ಥಹಳ್ಳಿಯಲ್ಲಿ ಕಿವಿಯ ಡಾಕ್ಟರಮ್ಮ ಒಬ್ಬರಿದ್ದಾರೆಂದು ಶಿವಮೂರ್ತಿ ವಿಚಾರಿಸಿಕೊಂಡು ಬಂದ. ಬೆಳಗಿನ ಬಸ್ಸಿನಲ್ಲಿ ಹೊರಟರು. ಅವನು ಕಿಟಕಿಯ ಪಕ್ಕ, ಅವಳ ಎಡಕ್ಕೆ ಕೂತ. ಅವಳು ಎದ್ದು ಜಾಗ ಬದಲಾಯಿಸಿಕೊಂಡಳು.

“ಕಿಟಕಿ ಬೇಕಾಗಿತ್ತಾ?”

“ನಿಮ್ಮ ಮಾತು ಬೇಕಾಗಿತ್ತು.”

“ಓಹೋ! ಮದ್ವೆ ಆದಾಗಿಂದ ಇದೊಂದು ಮಾತು ಕೇಳಿರ್ಲಿಲ್ಲ,” ಎಂದು ಅವನು ನಗಿಸಲು ನೋಡಿದ. ಹೊಸನಗರ ಬರುವವರೆಗೂ ಆಟೋದ ಟೈರಿನ ಕಥೆ, ತನ್ನ ಜೊತೆಯ ಡ್ರೈವರ್ ಮಾರಪ್ಪನ ಜಗಳದ ಕಥೆ, ಒಂದಾದ ಮೇಲೆ ಒಂದು ಹೇಳುತ್ತಲೇ ಇದ್ದ. ಅವಳು ಕಥೆಯನ್ನು ಕೇಳುತ್ತಿರಲಿಲ್ಲ, ದನಿಯನ್ನು ಕೇಳುತ್ತಿದ್ದಳು. ಈ ಮನುಷ್ಯ ಮಾತಿನ ಕೊನೆಯಲ್ಲಿ ಉಸಿರು ಬಿಡುವ ರೀತಿ, ‘ಮಾರಪ್ಪ’ ಎನ್ನುವಾಗ ನಡುವೆ ಇಣುಕುವ ನಗು. ಇದೆಲ್ಲ ಮುಂದೆ ಒಂದು ದಿನ ತುಟಿಯ ಅಲುಗಾಟ ಮಾತ್ರ ಆಗಿಬಿಟ್ಟರೆ? ಹೊಸನಗರದಲ್ಲಿ ಬಸ್ಸು ನಿಂತಾಗ ಅವನು ಇಳಿದು ಬನ್ಸ್ ಕಟ್ಟಿಸಿಕೊಂಡು ಬಂದ. ಅವಳು ಅದನ್ನು ಬಿಚ್ಚದೆ ಹಾಗೇ ಚೀಲಕ್ಕೆ ಹಾಕಿಕೊಂಡಳು.

ಪರೀಕ್ಷೆ ಮಾಡುವ ಕೋಣೆ ದೇವರ ಕಪಾಟಿನಷ್ಟೇ ಇಕ್ಕಟ್ಟು ಎನ್ನಿಸಿತು. ಬಾಗಿಲು ಮುಚ್ಚಿದೊಡನೆ ಹೊರಗಿನ ಲೋಕವೇ ನಿಂತುಹೋಯಿತು. ಪರೀಕ್ಷೆಯ ಹುಡುಗಿ ಅವಳ ತಲೆಗೆ ದೊಡ್ಡ ಹೆಡ್‌ಫೋನ್ ಏರಿಸಿ, ಕೈಗೆ ಒಂದು ಗುಂಡಿ ಕೊಟ್ಟಳು. “ಸಣ್ಣ ಸದ್ದು ಕೇಳಿದ್ರೂ ಒತ್ತಿ.” ಎಷ್ಟು ಹೆದರಿದ್ದರೂ ದೀಪಶ್ರೀಯ ಬೆರಳು ಹೆಡ್‌ಫೋನಿನ ವೈರಿನ ಬುಡಕ್ಕೆ ಹೋಯಿತು. ಟೇಪು ಸುತ್ತಿದ್ದರು. ಇದು ಪಾಸ್ ಆಗುತ್ತಿರಲಿಲ್ಲ ಎಂದು ಯೋಚಿಸಿದವಳು, ಮರುಕ್ಷಣವೇ ತಪ್ಪು ಮತ್ತೆ ಇದರದೇ ಇರಲಿ ಎಂದು ಆಸೆಪಡುತ್ತಿದ್ದೇನಲ್ಲ ಎಂದು ನಾಚಿಕೊಂಡಳು.

ಬಲಗಿವಿಯಲ್ಲಿ ಸದ್ದುಗಳು ಜೀರುಂಡೆಯ ಮರಿಗಳ ಹಾಗೆ ಬಂದವು. ಒತ್ತಿದಳು, ಒತ್ತಿದಳು. ಆಮೇಲೆ ಎಡಗಿವಿ. ಮೌನ. ಗಾಜಿನ ಆಚೆ ಹುಡುಗಿಯ ಕೈ ಮಷಿನಿನ ಮೇಲೆ ಸರಿಯುವುದು ಕಾಣುತ್ತಿತ್ತು. ಕೈ ಸರಿದಾಗಲೆಲ್ಲ ಒಂದು ಸದ್ದು ಬಂದಿರಬೇಕು. ಒತ್ತಿಬಿಟ್ಟರೆ? ಯಾರಿಗೆ ತಿಳಿಯುತ್ತದೆ? ಹೆಬ್ಬೆರಳು ಗುಂಡಿಯ ಮೇಲೆ ಬೆವರುತ್ತಿತ್ತು. ದೀಪಶ್ರೀ ಕಣ್ಣು ಮುಚ್ಚಿಕೊಂಡಳು. ಕತ್ತಲೆಯಲ್ಲಿ ಕಾಯುತ್ತ ಕೂತಳು. ಬಹಳ ಹೊತ್ತಿನ ನಂತರ, ಬಾವಿಯ ತಳದಿಂದ ಬಂದಂತೆ ಒಂದು ಸದ್ದು ಕೇಳಿತು. ಆಗ ಒತ್ತಿದಳು.

ಹೊರಗಿನ ಬೆಂಚಿನ ಮೇಲೆ ಶಿವಮೂರ್ತಿಯ ಪಕ್ಕ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮನ ಕೋಣೆಯ ಬಾಗಿಲು ಅರೆ ತೆರೆದು, ಒಬ್ಬ ನರ್ಸ್ ತಲೆ ಹೊರಹಾಕಿದಳು.

“ದೀಪಶ್ರೀ ಅವರ ಮನೆಯವರು ಯಾರು? ಒಳಗೆ ಬನ್ನಿ, ಮೇಡಂ ಮಾತಾಡ್ಬೇಕಂತೆ.”

ಮನೆಯವರು. ಪಕ್ಕದಲ್ಲೇ ಕೂತಿದ್ದವಳನ್ನು ನರ್ಸ್ ನೋಡಲಿಲ್ಲ.

ಶಿವಮೂರ್ತಿ ಎದ್ದ. ಅವಳ ಭುಜವನ್ನು ಮೆಲ್ಲಗೆ ಒತ್ತಿ ಕೂರಿಸಿದ. ಅವನ ಮುಖ ಅವಳ ಮುಖಕ್ಕಿಂತ ಬಿಳಿಚಿಕೊಂಡಿತ್ತು. “ನೀ ಇಲ್ಲೇ ಕೂತಿರು. ಬೆಳಗಿಂದ ಏನೂ ತಿಂದಿಲ್ಲ, ನಡುಗ್ತಾ ಇದೀಯ. ನಾ ಹೋಗಿ ಎಲ್ಲಾ ಕೇಳ್ಕಂಡ್ ಬರ್ತೀನಿ. ಆಮೇಲೆ ನಿಧಾನಕ್ಕೆ ಹೇಳ್ತೀನಿ.”

ಎಷ್ಟು ಪ್ರೀತಿಯ ಮಾತು. ಹೂಂ ಎಂದರೆ ಸಾಕಿತ್ತು. ಒಳಗಿನ ಕೆಟ್ಟ ಮಾತುಗಳೆಲ್ಲ ಇವನ ಕಿವಿಗೆ ಬಿದ್ದು, ಸೋಸಿ, ಸಣ್ಣದಾಗಿ, ಬಸ್ಸಿನಲ್ಲಿ ಎಲ್ಲೋ ಅವಳಿಗೆ ತಲುಪುತ್ತಿದ್ದವು. “ಏನಿಲ್ವಂತೆ” ಎಂದೂ ಆಗಬಹುದಿತ್ತು. ಅವಳು ಬೆಂಚಿನ ಹಿಡಿ ಹಿಡಿದು ಎದ್ದಳು.

“ಬ್ಯಾಡ ರೀ. ನೀವು ಬೇಕಾದ್ರೆ ಪಕ್ಕದಲ್ಲಿ ಕೂತ್ಕಳಿ,” ಎಂದಳು, “ಅವರು ಹೇಳೋದನ್ನ ನಾನೇ ಕೇಳ್ಕೋತೀನಿ.”